ಮ್ಯಾನೇಜರ್‌ನನ್ನು ವಜಾ ಮಾಡಿದ ಮಾಣಿಕಪ್ಪ

"ಇವತ್ತು ಈ ಕಂಪ್ಯೂಟರ್‌ನ ಕುದುರಿ ಹಂಗ ಓಡಸ್ತೀನಿ, ನೋಡ್ತಿರು!" ಎಂದು ಮಾಣಿಕಪ್ಪ ಆ ಭಾನುವಾರ ಬೆಳಿಗ್ಗೆ ಹೆಂಡತಿ ಅಮೃತಳ ಮುಂದೆ ಘೋಷಿಸಿದ. ಎರಡು ಸಾವಿರದ ನಾಲ್ಕನೇ ಇಸವಿಯ ಮಾತು. ಐವಾನ್-ಎ-ಶಾಹಿ ಬಡಾವಣೆಯ ಬಾಡಿಗೆ ಮನೆಗೆ ಹಳೆಯದೊಂದು ಕಂಪ್ಯೂಟರ್ ತಂದು, ಅದಕ್ಕೆ ತಾನೇ ಲಿನಕ್ಸ್ ಹಾಕಿದ ಮಹಾಪುರುಷ ಅವನು! ಕಮಲಾಪುರದ ಶಾಲೆಯಲ್ಲಿ ಟೀಚರಾಗಿದ್ದ ಅಮೃತ ಅದರಲ್ಲಿ ಮಕ್ಕಳ ನಾಟಕ ಟೈಪ್ ಮಾಡುತ್ತಿದ್ದವಳು, ರೊಟ್ಟಿ ಬಡಿಯಲು ಎದ್ದು ಹೋದಳು.

ಮಾಣಿಕಪ್ಪ ಅಡುಗೆಮನೆಗೆ ಕೇಳುವಂತೆ ಪಾಠ ಶುರುಮಾಡಿದ: "ಇದು ಮನಿ ಇದ್ದಂಗ. ತಳದಾಗ ಲಿನಕ್ಸ್, ಅದು ಬುನಾದಿ. ಅದರ ಮ್ಯಾಲೆ ಎಕ್ಸ್ ಅಂತ ಒಂದು, ಪರದೆ ಮ್ಯಾಲೆ ಎಲ್ಲಾ ಚಿತ್ರ ಬಿಡಸೋದು ಅದೇ. ಅದರ ಮ್ಯಾಲೆ ವಿಂಡೋ ಮ್ಯಾನೇಜರ್. ಕಿಟಕಿಗೆ ಚೌಕಟ್ಟು ಹಾಕ್ತದ, ಅತ್ತಾಗ ಇತ್ತಾಗ ಸರಸ್ತದ, ಅಷ್ಟ. ನಮ್ಮ ಆಫೀಸಿನಾಗೂ ಅಂಥಾ ಮ್ಯಾನೇಜರ್ ಒಬ್ಬ ಇದ್ದಾನ. ತಗದ್ರ ಭಾರ ಕಮ್ಮಿ, ಯಾರಿಗೂ ಗೊತ್ತಾಗಂಗಿಲ್ಲ!"

"ನನ್ನ ನಾಟಕ ಮುಟ್ಟಬ್ಯಾಡ್ರೀ!"

"ನಿನ್ನ ನಾಟಕ ಯಾರ್ ಮುಟ್ಟತಾರ?"

ಮ್ಯಾನೇಜರ್ ವಜಾ ಆದ. ಆದದ್ದೇ ತಡ, ಕಿಟಕಿಗಳ ಚೌಕಟ್ಟು ಮಾಯ! ಮುಚ್ಚುವ ಗುರುತಿಲ್ಲ, ಹಿಡಿದೆಳೆಯುವ ಪಟ್ಟಿಯಿಲ್ಲ. ಅವನು ತೆರೆದಿಟ್ಟಿದ್ದ ಇಸ್ಪೀಟಾಟ ನಾಟಕದ ಮೇಲೆ ಠಿಕಾಣಿ ಹೂಡಿತು. ಏನು ಮಾಡಿದರೂ ಸರಿಯದು. ಅತ್ತ ರೊಟ್ಟಿ ಬಡಿಯುವ ಸದ್ದೂ ನಿಂತಿತು. ಗಾಬರಿಯಲ್ಲಿ ಮಾಣಿಕಪ್ಪ ಎಕ್ಸ್ ಅನ್ನೇ ಮುಗಿಸುವ ಕೀಲಿಗಳನ್ನು ಒಟ್ಟಿಗೆ ಒತ್ತಿಬಿಟ್ಟ. ಪರದೆ ಕಪ್ಪಾಯಿತು. ಎಕ್ಸ್ ಕುಸಿದರೆ ಅದರ ಮೇಲಿದ್ದದ್ದೆಲ್ಲ ಕುಸಿಯದೆ ಇರುತ್ತದೆಯೇ? ಈಗಷ್ಟೇ ಅವನೇ ಹೇಳಿದ ಪಾಠ!

"ನಾಟಕ ಎಲ್ಲದ ರೀ?" ಹಿಟ್ಟಿನ ಕೈಯಲ್ಲೇ ಬಂದಳು ಅಮೃತ.

"ನೀ... ಸೇವ್ ಮಾಡಿದ್ದಿಲ್ಲೇನು?"

"ಅರ್ಧ ಮಾಡಿದ್ದೆ. ಉಳಿದರ್ಧ ನಿಮ್ಮ ಭರೋಸಾದ ಮ್ಯಾಲೆ ಬಿಟ್ಟು ಹೋಗಿದ್ದೆ."

ಅವಳು ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು! ಸೀದ ರೊಟ್ಟಿಯನ್ನು ಮಾಣಿಕಪ್ಪ ಕೊನೆಯ ಚೂರಿನವರೆಗೂ ತಿಂದ.

ಮುಂದಿನ ವಾರ ಕಮಲಾಪುರದ ಶಾಲೆಯ ವಾರ್ಷಿಕೋತ್ಸವದಲ್ಲಿ, ಸೇವ್ ಆಗಿದ್ದ ಅರ್ಧ ನಾಟಕಕ್ಕೇ ಹೇಗೋ ಒಂದು ಮುಕ್ತಾಯ ಅಂಟಿಸಿ ಆಡಿಸಿದರು. ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ ಮಾಣಿಕಪ್ಪನಿಗೆ ಚಪ್ಪಾಳೆ ಕೇಳಿ ನಂಬಿಕೆಯೇ ಬರಲಿಲ್ಲ. ಹೆಡ್ ಮೇಡಂ ರೋಷನಬಿ ಮೈಕ್ ಹಿಡಿದರು: "ಪ್ರತಿ ವರ್ಷ ಜನ ನಡುವ ಎದ್ದು ಹೋಗ್ತಿದ್ರು. ಈ ಸಲ ಎಷ್ಟು ಚುಟುಕಾಗಿ ಬರದೀರಿ, ಅಮೃತಾ ಟೀಚರ್!"

"ನಾ ಉದ್ದಾನೇ ಬರದಿದ್ದೆ ರೀ ಮೇಡಂ," ಎಂದಳು ಅಮೃತ. "ನಮ್ಮ ಮನಿಯವರು ಕತ್ತರಿಸಿ ಕೊಟ್ಟಾರ."

ಜನ ಅವನನ್ನು ಹಿಡಿದು ವೇದಿಕೆಗೆ ಹತ್ತಿಸಿದರು. ಶಾಲು ಹೊದಿಸುವಾಗ ಮಾಣಿಕಪ್ಪನ ತಲೆ ಎದೆಗಿಳಿದಿತ್ತು.

"ನೋಡ್ರಿ," ಎಂದರು ರೋಷನಬಿ, "ಎಷ್ಟು ವಿನಯ!"