ಶೇಷಪ್ಪನ ಕ್ಯಾಂಟೀನಿಗೆ ಒಂದೇ ಓಟು

ಆ ಕಾಗದಕ್ಕೆ ಸುಮ್ಮನೆ ಒಂದು ಸಹಿ ಗೀಚಿ ಕೊಟ್ಟಿದ್ದರೆ ಬೂತಪ್ಪನಿಗೆ ಯಾವ ರಗಳೆಯೂ ಇರುತ್ತಿರಲಿಲ್ಲ.

ಬೆಳಿಗ್ಗೆ ಏಳೂಮುಕ್ಕಾಲಿಗೆ ನರಸಿಂಹರಾಜಪುರ ಬಿಟ್ಟು, ಕೊಪ್ಪ, ಕಮ್ಮರಡಿ ಸುತ್ತಿ ಶೃಂಗೇರಿ ಮುಟ್ಟುವ ‘ವನಮಾಲಾ’ ಬಸ್ಸಿಗೆ ಅವನು ಹದಿನೇಳು ವರ್ಷದಿಂದ ಕಂಡಕ್ಟರು. ಅವತ್ತು ಊರು ಬಿಟ್ಟು ಹತ್ತು ನಿಮಿಷವಾಗಿರಲಿಲ್ಲ, ಬಸ್ಸಿನಲ್ಲಿ ಒಂದು ಕಾಗದ ಓಡಾಡತೊಡಗಿತು. ಮುಂದಿನ ಸೀಟಿನಿಂದ ಹೊರಟು, ಹಿಂದಿನ ಸೀಟಿನ ಕಿಟಕಿಯವರೆಗೆ ಹೋಗಿ, ಮೂವತ್ತನಾಲ್ಕು ಸಹಿ ಹೊತ್ತುಕೊಂಡು ಅದು ಬೂತಪ್ಪನ ಕೈಗೆ ಬಂತು. ಕೊಟ್ಟವರು ಸುಲೋಚನಮ್ಮ. ಕೊಪ್ಪದಲ್ಲಿ ಅವರದು ಹೊಲಿಗೆ ಅಂಗಡಿ. ಮದುವೆ ದಿನಕ್ಕೆ ರವಿಕೆ ಸಿಗುವುದೂ ಸಿಗದಿರುವುದೂ ಅವರ ಕೈಯಲ್ಲಿ ಇದ್ದುದರಿಂದ ಮೂರು ತಾಲ್ಲೂಕಿನ ಹೆಂಗಸರು ಅವರ ಮಾತಿಗೆ ಎದುರಾಡುತ್ತಿರಲಿಲ್ಲ.

“ಎಂತ ಇದು?” ಅಂದ ಬೂತಪ್ಪ.

“‘ಶೇಷಪ್ಪನ ಕ್ಯಾಂಟೀನ್’ ನಿಲ್ಸಿ ಅಂತ ಚಾನೆಲ್ಲಿಗೆ ಅರ್ಜಿ. ಹಾಕು ಮಾರಾಯ, ತಿರುವು ಬರೋದ್ರೊಳಗೆ ಹಾಕು. ಆಮೇಲೆ ಗೀಟು ಸೊಟ್ಟ ಆತದೆ.”

“ನಾ ಹಾಕಲ್ಲ.”

ಅಂದ ಮೇಲೆ ಅವನಿಗೇ ಗಾಬರಿಯಾಯಿತು. ಆದರೆ ಆಡಿದ ಮಾತು ಹರಿದು ಕೊಟ್ಟ ಟಿಕೆಟ್ಟಿನ ಹಾಗೆ, ವಾಪಸು ತಗೊಳ್ಳುವಂತಿಲ್ಲ.

ವಿಷಯ ಇಷ್ಟೇ. ‘ಎಂಟು ಕಂಬದ ಮನೆ’ ಅಂತ ಒಂದು ಸೀರಿಯಲ್ಲು ಸಾವಿರದ ಮುನ್ನೂರು ಕಂತು ಓಡಿ ಮುಗಿದಿತ್ತು. ಅದರಲ್ಲಿ ವಜ್ರೇಶ್ವರಿ ಎಂಬ ಅತ್ತೆ ಮೂವರು ಸೊಸೆಯರನ್ನು ಅಳಿಸಿ, ನಾಲ್ಕನೆಯವಳಿಂದ ತಾನೇ ಅತ್ತು, ಕೊನೆಗೆ ಜಲಪಾತದಿಂದ ಬಿದ್ದು ಸತ್ತಿದ್ದಳು. ಆ ಮನೆಯ ಅಡುಗೆಯವನು ಶೇಷಪ್ಪ. ಅಷ್ಟೂ ಕಂತುಗಳಲ್ಲಿ ಅವನು ಮಾಡಿದ್ದು ಎರಡೇ ಕೆಲಸ: “ಕಾಫಿ ತರ್ಲಾ ಅಮ್ಮಾ?” ಅಂತ ಕೇಳುವುದು, ಯಾರದಾದರೂ ಗುಟ್ಟು ಬಯಲಾದಾಗ ತಟ್ಟೆ ಕೈಬಿಡುವುದು. ಮೂಲ ಸೀರಿಯಲ್ಲು ಮುಗಿದ ಮೇಲೆ ಚಾನೆಲ್ಲಿನವರು ಯಾಕೋ ಇವನಿಗೊಂದು ಕ್ಯಾಂಟೀನು ಹಾಕಿಕೊಟ್ಟು, ಸಂಜೆ ಆರೂವರೆಯ ಅದೇ ಹೊತ್ತಿಗೆ ಹೊಸ ಸೀರಿಯಲ್ಲು ಶುರು ಮಾಡಿದ್ದರು. ಯಾರಿಗೂ ಹಿಡಿಸಲಿಲ್ಲ, ಬೂತಪ್ಪನೊಬ್ಬನನ್ನು ಬಿಟ್ಟು.

“ಎಂತಕ್ಕೆ ಹಾಕಲ್ಲ?” ಸುಲೋಚನಮ್ಮ ಕನ್ನಡಕ ಸರಿಮಾಡಿಕೊಂಡರು.

“ನಂಗೆ ಅದು ಚೆಂದ ಕಾಣ್ತದೆ ಅಮ್ಮ.”

“ಚೆಂದ? ಹೋದ ವಾರ ಮೂರು ದಿನ ದೋಸೆ ಹಿಟ್ಟು ಉಬ್ಬಲಿಲ್ಲ ಅಂತ್ಲೇ ತೋರಿಸಿದ್ರು!”

“ಮಳೆಗಾಲದಲ್ಲಿ ಉಬ್ಬೋದಿಲ್ವಲ್ಲ. ನಮ್ಮನೇಲೂ ಉಬ್ಬಲ್ಲ.”

“ನಿಮ್ಮನೆ ಹಿಟ್ಟು ನೋಡಕ್ಕೆ ನಾನು ಟೀವಿ ಹಾಕ್ಬೇಕಾ?”

ಬಸ್ಸಿಡೀ ನಕ್ಕಿತು. ಬೂತಪ್ಪನಿಗೆ ಹೇಳುವುದು ಬಹಳ ಇತ್ತು. ದಿನಕ್ಕೆ ಹತ್ತು ಗಂಟೆ “ಮುಂದೆ ಹೋಗಿ, ಮುಂದೆ ಹೋಗಿ” ಅಂತ ಕೂಗಿ, ಮನೆಗೆ ಹೋದಾಗಲೂ ಕಿವಿಯಲ್ಲಿ ಹಾರನ್ ಹೊಡೆಯುತ್ತಿರುತ್ತದೆ. ಆಗ ಒಬ್ಬ ಮನುಷ್ಯ ಮಾತಿಲ್ಲದೆ ಲೋಟ ತೊಳೆಯುವುದನ್ನು, ಯಾರೋ ಬಂದು ತಿಂದು ಕೈ ತೊಳೆದು ಹೋಗುವುದನ್ನು ನೋಡಿದರೆ ಎದೆ ತಣ್ಣಗಾಗುತ್ತದೆ. ಇದನ್ನು ಹೇಗೆ ಹೇಳುವುದು ಅಂತ ಅವನು ಹುಡುಕುತ್ತಿದ್ದಾಗಲೇ ಹಿಂದಿನಿಂದ ಸುಬ್ಬರಾಯರು ಕೂಗಿಕೊಂಡರು. ಅವರು ನಿವೃತ್ತ ಪೋಸ್ಟ್ ಮಾಸ್ತರು. ಇಳಿಯಬೇಕಾದ ಜಾಗ ಎರಡು ತಿರುವು ಹಿಂದೆ ಹೋಗಿತ್ತು.

“ಹೋಗ್ಲಿ ಬಿಡು, ಶೃಂಗೇರಿಗೇ ಬತ್ತೆ. ಅಲ್ಲೂ ಕೆಲಸ ಇದ್ದು,” ಅಂದು ಅವರು ವಾಪಸು ಕೂತರು. “ಅಂದಹಾಗೆ, ನಾನೂ ಶೇಷಪ್ಪನ ಪಕ್ಷವೇ ಮಾರಾಯ.”

ಬೂತಪ್ಪನ ಮುಖ ಅರಳಿತು. “ಕೇಳಿ, ಎಲ್ರೂ ಕೇಳಿ! ಹೇಳಿ ಮಾಸ್ತರೇ, ಯಾಕೆ ಇಷ್ಟ?”

“ಹಾಕಿದ ಐದು ನಿಮಿಷಕ್ಕೆ ನಿದ್ದೆ ಬತ್ತು. ಡಾಕ್ಟರು ಗುಳಿಗೆ ನಿಲ್ಸಿದ್ರು.”

ಈ ಸಲ ಡ್ರೈವರ್ ಕಿರಣನೂ ನಕ್ಕ.

ಕೊಪ್ಪ ಮುಟ್ಟುವಾಗ ಸುದ್ದಿ ಬಸ್ಸಿಗಿಂತ ಮುಂಚೆಯೇ ಬಂದು ಕೂತಿತ್ತು. ಸೊಸೈಟಿ ಆಫೀಸಿನ ಶ್ರೀವಾಣಿ ಅದೇ ಬಸ್ಸಿನಲ್ಲಿದ್ದಳು. ‘ಎಂಟು ಕಂಬದ ಬಂಧುಗಳು’ ಎಂಬ ವಾಟ್ಸಾಪ್ ಗುಂಪಿಗೆ ಅಡ್ಮಿನ್ನು ಅವಳೇ. ಬೂತಪ್ಪ ಸ್ಟ್ಯಾಂಡಿನ ಹೋಟೆಲ್ಲಿಗೆ ಹೋಗಿ, “ಒಂದು ಟೀ,” ಅಂದರೆ ಗಲ್ಲಾಪೆಟ್ಟಿಗೆಯ ಹಿಂದಿದ್ದ ಹೆಂಗಸು ತಲೆಯೆತ್ತಲಿಲ್ಲ.

“ನಿಮ್ಗೆ ಶೇಷಪ್ಪನ ಕ್ಯಾಂಟೀನ್ ಇದ್ಯಲ್ಲ. ಅಲ್ಲೇ ಕುಡೀರಿ.”

ಬರಿ ಹೊಟ್ಟೆಯಲ್ಲಿ ಬಸ್ಸು ಹತ್ತಿದ. ಕಮ್ಮರಡಿಯಲ್ಲಿ ದಿನವೂ ಹತ್ತುವ ಒಂಬತ್ತು ಹೆಂಗಸರು ನಿಂತಿದ್ದರು. ಬಸ್ಸು ನಿಂತಿತು, ಅವರು ಹತ್ತಲಿಲ್ಲ. ಮದುವೆಮನೆಯಲ್ಲಿ ಬೇಡದ ನೆಂಟರನ್ನು ಕಂಡವರ ಹಾಗೆ ಒಟ್ಟಿಗೆ ಮುಖ ತಿರುಗಿಸಿದರು.

“ಬನ್ನಿ ಅಕ್ಕ, ಸೀಟು ಖಾಲಿ ಇದೆ!”

“ಹಿಂದೆ ಇನ್ನೊಂದು ಬಸ್ಸು ಬತ್ತದೆ. ಅದ್ರ ಕಂಡಕ್ಟರಿಗೆ ತಲೆ ಸರಿ ಇದೆ.”

ಕಿರಣ ಗೇರು ಹಾಕುತ್ತ, “ಒಂದು ಸಹಿ ಮಾರಾಯ, ಒಂದು ಸಹಿ,” ಅಂದ. “ನಾನು ಆ ಸೀರಿಯಲ್ ನೋಡೇ ಇಲ್ಲ, ಹಾಕಿದೆ. ನಿಂಗೆಂತ ಆಗಿತ್ತು?”

ಬೂತಪ್ಪನಿಗೂ ಅದು ಗೊತ್ತಿರಲಿಲ್ಲ. ಹದಿನೇಳು ವರ್ಷದಲ್ಲಿ ಅವನು ಯಾವುದಕ್ಕೂ ಹಟ ಮಾಡಿದವನಲ್ಲ. ಸಂಬಳ, ರಜೆ, ಹರಿದ ಯೂನಿಫಾರಂ, ಎಲ್ಲದಕ್ಕೂ ಹೂಂ ಅಂದಿದ್ದ. ಲೋಟ ತೊಳೆಯುವ ಒಬ್ಬ ಸುಳ್ಳು ಮನುಷ್ಯನ ವಿಷಯದಲ್ಲಿ ಮಾತ್ರ ನಾಲಿಗೆ ಬಗ್ಗಲಿಲ್ಲ.

ಶೃಂಗೇರಿಯಲ್ಲಿ ಇಳಿಯುವಾಗ ಬಸ್ಸಿನಲ್ಲಿ ಇದ್ದವರು ಐದು ಜನ ಯಾತ್ರಿಕರು ಮತ್ತು ಸುಬ್ಬರಾಯರು. ಅಷ್ಟರಲ್ಲಿ ಬಸ್ಸಿನ ಮಾಲೀಕ ಹೂವಪ್ಪಗೌಡರ ಫೋನು.

“ಬೂತಪ್ಪ, ನೀನು ಟಿಕೆಟ್ ಕೊಡ್ತಿದ್ದೀಯಾ, ಭಾಷಣ ಮಾಡ್ತಿದ್ದೀಯಾ?”

“ಭಾಷಣ ಎಲ್ಲಿ ಮಾಡಿದೆ ಗೌಡ್ರೇ...”

“ನಮ್ಮನೆಯೋಳು ಬೆಳಿಗ್ಗೆಯಿಂದ ನನ್ನ ಹತ್ರ ಮಾತಾಡ್ತಿಲ್ಲ. ಅಂಥೋನನ್ನ ಯಾಕೆ ಇಟ್ಕಂಡಿದ್ದೀರಿ ಅಂತ ಒಂದು ಮಾತು ಕೇಳಿದ್ಲು, ಆಮೇಲೆ ಮಾತು ಬಂದ್. ಸಂಜೆಯೊಳಗೆ ಆ ಹೆಂಗಸ್ರ ಹತ್ರ ರಾಜಿ ಮಾಡ್ಕೋ. ಇಲ್ದಿದ್ರೆ ನಾಳೆಯಿಂದ ಶೆಡ್ಡಲ್ಲಿ ಬಸ್ಸು ತೊಳಿ.”

ಬೂತಪ್ಪ ತುಂಗೆಯ ಮೆಟ್ಟಿಲು ಇಳಿದು ಮುಖ ತೊಳೆದ. ನೀರಿನಲ್ಲಿ ಮೀನುಗಳು ತಮ್ಮ ಪಾಡಿಗೆ ಓಡಾಡುತ್ತಿದ್ದವು. ಅವುಗಳ ಹತ್ತಿರ ಯಾರೂ ಅರ್ಜಿಗೆ ಸಹಿ ಕೇಳುತ್ತಿರಲಿಲ್ಲ.

ಸಂಜೆಯ ವಾಪಸು ಪ್ರಯಾಣದಲ್ಲಿ ಕೊಪ್ಪದಿಂದ ಸುಲೋಚನಮ್ಮ ಹತ್ತಿದರು. ಬೇರೆ ಬಸ್ಸಿಗೆ ಕಾದರೆ ಆರೂವರೆಗೆ ಮನೆ ಸೇರಲಾಗುವುದಿಲ್ಲ, ಬೈಯುವುದಕ್ಕಾದರೂ ಆ ಸೀರಿಯಲ್ಲು ನೋಡಬೇಕಲ್ಲ ಎಂಬುದು ಅವರ ಕಷ್ಟ. ಬೂತಪ್ಪ ಕೈಮುಗಿದ.

“ಅಮ್ಮ, ನನ್ನ ಕೆಲಸ ಹೋಗ್ತದೆ.”

ಅವರ ಮನಸ್ಸು ಕರಗಿತು. ಆದರೆ ಪೂರಾ ಅಲ್ಲ. “ನೋಡು, ನಾನು ಅನ್ಯಾಯ ಮಾಡೋಳಲ್ಲ. ಇವತ್ತು ನಮ್ಮನೆಗೆ ಬಾ. ಎಲ್ರೂ ಕೂತು ಆ ಶೇಷಪ್ಪನ್ನ ನೋಡಾಣ. ನಮ್ಮಲ್ಲಿ ಒಬ್ರಿಗೆ, ಒಬ್ರಿಗೇ ಒಬ್ರಿಗೆ, ಚೆಂದ ಕಂಡ್ರೂ ಅರ್ಜಿ ಹರ್ದು ಹಾಕ್ತೀನಿ. ಕಾಣದೆ ಇದ್ರೆ ನೀನು ಸಹಿ ಹಾಕ್ಬೇಕು, ಒಂದು ವಾರ ಪ್ರತಿ ಸ್ಟಾಪಲ್ಲೂ ‘ನಂದು ತಪ್ಪಾಯ್ತು’ ಅಂತ ಕೂಗ್ಬೇಕು. ಆತಾ?”

“ಆತು,” ಅಂದ ಬೂತಪ್ಪ. ಅವನಿಗೆ ಧೈರ್ಯ ಬಂದಿತ್ತು. ಇವತ್ತಿನ ಕಂತಿನಲ್ಲಿ ಶೇಷಪ್ಪ ಹೊಸ ದೋಸೆ ಕಾವಲಿ ತರುತ್ತಾನೆ ಅಂತ ನಿನ್ನೆಯೇ ತೋರಿಸಿದ್ದರು. ಕಾವಲಿ ಪಳಗಿಸುವುದನ್ನು ನೋಡಿ ಕರಗದ ಹೆಂಗಸು ಉಂಟೇ?

ನರಸಿಂಹರಾಜಪುರದ ಸುಲೋಚನಮ್ಮನ ಮನೆಯಲ್ಲಿ ಹದಿನಾಲ್ಕು ಜನ ಸೇರಿದ್ದರು. ಬೂತಪ್ಪನನ್ನು ಟೀವಿಯ ಪಕ್ಕ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರಿಸಿದರು. ಎಲ್ಲರಿಗೂ ಟೀವಿಯೂ ಕಾಣುತ್ತಿತ್ತು, ಅವನ ಮುಖವೂ ಕಾಣುತ್ತಿತ್ತು.

ಆರೂವರೆ. ಶೇಷಪ್ಪ ಕಾವಲಿ ತೊಳೆದ. ಒರೆಸಿದ. ಎಣ್ಣೆ ಹಾಕಿದ. ಅರ್ಧ ಈರುಳ್ಳಿಯಿಂದ ಉಜ್ಜಿದ. ಮೂಲೆಯ ಬೆಂಚಿನಲ್ಲಿ ಒಬ್ಬ ಮುದುಕ ಮಾತಿಲ್ಲದೆ ಇಡ್ಲಿ ತಿನ್ನುತ್ತಿದ್ದ. ಶೇಷಪ್ಪ ಮತ್ತೆ ಉಜ್ಜಿದ. ಬೂತಪ್ಪನ ಭುಜ ತಾನಾಗಿ ಸಡಿಲವಾಯಿತು, ಬೆಳಿಗ್ಗೆಯಿಂದ ಬಿಗಿದಿದ್ದ ಉಸಿರು ಹೊರಗೆ ಬಂತು. ಸುತ್ತ ಜನ ಇರುವುದೇ ಅವನಿಗೆ ಮರೆತುಹೋಯಿತು.

ಸುತ್ತಿನ ಜನರಲ್ಲಿ ಇಬ್ಬರು ಆಕಳಿಸಿದರು. ಒಬ್ಬರು ಹೀರೇಕಾಯಿ ಹೆರೆಯಲು ಶುರು ಮಾಡಿದರು. ಹದಿನೈದನೆಯ ನಿಮಿಷಕ್ಕೆ ಸುಲೋಚನಮ್ಮ ಪೆನ್ನಿನ ಕ್ಯಾಪು ತೆಗೆದು, “ತಗಾ,” ಅಂತ ಚಾಚಿದರು. ಬೂತಪ್ಪ ಕೈ ನೀಡಿದ.

ಆಗ ಕ್ಯಾಂಟೀನಿನ ಹೊರಗೆ ಒಂದು ಕಪ್ಪು ಕಾರು ನಿಂತಿತು.

ಗುಡುಗು. ಇಳಿದದ್ದು ಒಂದು ಕಾಲು. ಮತ್ತೆ ಗುಡುಗು. ಕಾಲಿನ ಮೇಲೆ ರೇಷ್ಮೆ ಸೀರೆಯ ಅಂಚು. ಮೂರನೆಯ ಗುಡುಗಿಗೆ ಮುಖ ಕಂಡಿತು.

“ವಜ್ರೇಶ್ವರಿ!” ಶ್ರೀವಾಣಿ ಚೀರಿದಳು. ಹೀರೇಕಾಯಿ ಮಂಚದ ಕೆಳಗೆ ಉರುಳಿತು.

ಸತ್ತವಳು ಕ್ಯಾಂಟೀನಿನೊಳಗೆ ನಡೆದು ಬಂದಳು. ಕಣ್ಣಿನಲ್ಲಿ ನೀರು ತುಂಬಿಕೊಂಡು, “ಶೇಷಪ್ಪಾ... ನಾನು ನಿನ್ನ ಒಡತಿ ಅಲ್ಲ ಕಣೋ. ನಿನ್ನನ್ನು ಹೆತ್ತ ತಾಯಿ!” ಅಂದಳು. ಕ್ಯಾಮೆರಾ ಅವಳ ಮುಖ ಮೂರು ಸಲ, ಶೇಷಪ್ಪನ ಮುಖ ಮೂರು ಸಲ, ಇಡ್ಲಿ ಮುದುಕನ ಮುಖ ಮೂರು ಸಲ ತೋರಿಸಿತು. ಶೇಷಪ್ಪ ಓ ಎಂದು ಅಳತೊಡಗಿದ. ತೊಂಬತ್ತೊಂದು ಕಂತುಗಳಲ್ಲಿ ಅವನು ಅತ್ತಿದ್ದು ಅದೇ ಮೊದಲು. ಕೆಳಗೆ ಅಕ್ಷರ ಓಡಿತು: ನಾಳೆಯಿಂದ ಎಂಟು ಕಂಬದ ಇಡೀ ಮನೆತನ ಶೇಷಪ್ಪನ ಕ್ಯಾಂಟೀನಿನಲ್ಲಿ, ಪ್ರತಿ ಸಂಜೆ ಒಂದು ಗಂಟೆ ಕಾಲ.

ಮನೆಯಲ್ಲಿ ಜಾತ್ರೆಯೇ ಆಯಿತು. ಸುಲೋಚನಮ್ಮ ಅರ್ಜಿಯನ್ನು ಹರಿದು ಚೂರು ಮಾಡಿದರು. ಸೆರಗಿನಿಂದ ಕಣ್ಣೊರೆಸಿಕೊಂಡು, “ನಿಂದೇ ಸರಿ ಮಾರಾಯ!” ಅಂದರು. “ಇಷ್ಟು ಚೆಂದ ಸೀರಿಯಲ್ ನಿಲ್ಸಕ್ಕೆ ಹೊರಟಿದ್ವಲ್ಲ, ಪಾಪ ಸುತ್ಕಂತಿತ್ತು.”

“ಅಮ್ಮ, ನಾನು ಹೇಳಿದ ಚೆಂದ ಇದಲ್ಲ...”

“ಎಂತ ನಾಚಿಕೆ ನಿಂಗೆ! ಗೆದ್ದಿದ್ದೀಯ, ಸುಮ್ನಿರು.”

ಹೂವಪ್ಪಗೌಡರ ಫೋನೂ ಬಂತು. ಹೆಂಡತಿ ಮಾತಾಡಿದ್ದಳು. “ಭೇಷ್ ಬೂತಪ್ಪ! ಇವರ್ಯಾರೂ ಹಿಂದಿನ ಕಂತು ಸರಿಯಾಗಿ ನೋಡಿಲ್ವಂತೆ. ನೋಡಿದ್ದು ನೀನೊಬ್ನೇ. ನಾಳೆಯಿಂದ ಬಸ್ಸಲ್ಲಿ ಹೋಗ್ತಾ ಬರ್ತಾ ಮೊದಲಿಂದ ಕತೆ ಹೇಳು. ಜೋರಾಗಿ ಹೇಳು, ಹಿಂದಿನ ಸೀಟಿಗೂ ಕೇಳ್ಬೇಕು.”

ಬೂತಪ್ಪ ಫೋನು ಜೇಬಿಗಿಟ್ಟು, ಯಾರ ಗಮನಕ್ಕೂ ಬಾರದ ಹಾಗೆ ಎದ್ದು, ಅಂಗಳಕ್ಕೆ ಬಂದು ಚಪ್ಪಲಿ ಹುಡುಕತೊಡಗಿದ. ಶ್ರೀವಾಣಿ ಓಡಿ ಬಂದಳು.

“ಬೂತಪ್ಪಣ್ಣ, ಒಂದೇ ಒಂದು ಡೌಟು. ಆ ಮೂಲೇಲಿ ದಿನಾ ಬಂದು ಇಡ್ಲಿ ತಿನ್ನೋ ಮುದುಕ ಇದ್ದಾನಲ್ಲ, ಅವ ಯಾರು?”

“ಯಾರೂ ಅಲ್ಲ ತಂಗಿ. ಹಸಿವಾತದೆ, ಬತ್ತಾನೆ, ತಿಂತಾನೆ, ಹೋತಾನೆ.”

“ಹಂಗೆಲ್ಲ ಸುಮ್ ಸುಮ್ನೆ ಯಾರಾದ್ರೂ ಇಡ್ಲಿ ತಿಂತಾರಾ? ವಜ್ರೇಶ್ವರಿ ಗಂಡ ಅಲ್ದಾ?”

ಬೂತಪ್ಪ ಅವಳ ಮುಖ ನೋಡಿದ. ಬಾಗಿಲಲ್ಲಿ ಇನ್ನೂ ಏಳೆಂಟು ಮುಖಗಳು ಉತ್ತರಕ್ಕೆ ಕಾಯುತ್ತಿದ್ದವು. ಅವನ ಕಾಲು ನೋಯುತ್ತಿತ್ತು.

“ಹೌದು ತಂಗಿ,” ಅಂದ. “ಗಂಡನೇ ಇರ್ಬೇಕು.”

ಒಳಗಿನಿಂದ ಎದ್ದ ಕೇಕೆ ಬಸ್ ಸ್ಟ್ಯಾಂಡಿನವರೆಗೂ ಕೇಳಿಸಿತು.