ಅಕ್ಕನ ಬಂಗಡೆ ಸಂಶೋಧನೆ

ಚಿಂತೆ ಮಾಡುವ ಸ್ಪರ್ಧೆ ಇಟ್ಟರೆ ನನ್ನ ಅಕ್ಕನಿಗೆ ಎರಡನೇ ಬಹುಮಾನ ಗ್ಯಾರಂಟಿ. ಮೊದಲನೆಯದು ಬಂದರೆ ಮುಂದೇನು ಗತಿ ಎಂದು ಹೆದರಿ ಅವಳೇ ಬಿಟ್ಟುಕೊಡುತ್ತಾಳೆ! ಅಂಕೋಲೆಯ ಹೈಸ್ಕೂಲೊಂದರಲ್ಲಿ ಜೀವಶಾಸ್ತ್ರ ಕಲಿಸುವ ಅವಳಿಗೆ, ಮಕ್ಕಳು ಬರೀ ತಲೆಯಾಡಿಸಿದ ದಿನ ಊಟ ಸೇರುವುದಿಲ್ಲ.

"ತಮಾ, ಒಂದೂ ಪ್ರಶ್ನೆ ಕೇಳ್ತ್ವಿಲ್ಲೆ!" ಎಂದು ತಮ್ಮನಾದ ನನ್ನ ಮುಂದೆ ಗೋಳು.

ಕಾರವಾರದಲ್ಲಿ ತರಬೇತಿ ಮುಗಿಸಿ ಬಂದವಳಿಗೆ ಕ್ರಿಯಾ ಸಂಶೋಧನೆಯ ಹುಚ್ಚು ಹಿಡಿಯಿತು. ತನ್ನ ತರಗತಿಯ ತೊಂದರೆ ತಾನೇ ಹುಡುಕಿ, ಕಲಿಸುವ ರೀತಿ ಬದಲಿಸಿ, ಫಲ ನೋಡುವುದಂತೆ. ತೊಂದರೆ ಸಿದ್ಧವಿತ್ತು: ಕೊನೆಯ ಬೆಂಚಿನ, ಮೀನುಗಾರರ ಮನೆಯ ಹುಡುಗಿ. ಜೂನ್‌ನಿಂದ ತುಟಿ ಬಿಚ್ಚಿರಲಿಲ್ಲ, ಈಚೆಗೆ ದಿನ ಬಿಟ್ಟು ದಿನ ಬರುತ್ತಿದ್ದಳು. ಹೋದ ವರ್ಷ ಇಂಥವಳೇ ಒಬ್ಬಳು ಸದ್ದಿಲ್ಲದೆ ಶಾಲೆ ಬಿಟ್ಟಿದ್ದಳು. ಇವಳೂ ಬಿಟ್ಟರೆ? ಅಕ್ಕನಿಗೆ ಅದೊಂದೇ ದಿಗಿಲು.

ಪರಿಹಾರ? ಮೀನಿನ ಉಸಿರಾಟವನ್ನು ಮೀನು ತಂದೇ ಕಲಿಸುವುದು! ನಮ್ಮದೋ, ಮೀನಿನ ಬುಟ್ಟಿ ಕಂಡರೆ ರಸ್ತೆ ದಾಟುವ ಮನೆತನ.

"ಬೆಳಗ್ಗೆ ಮೀನು ತಗಂಬಲೆ ಹೋಗವು. ಗಾಡಿ ತೆಗೆ."

"ಯಾರಾದ್ರೂ ನೋಡಿರೆ?"

"ಹೆಲ್ಮೆಟ್ ತೆಗಿಯಡ, ಅಷ್ಟೇಯ."

ಮೀನು ಮಾರ್ಕೆಟ್ಟಿನಲ್ಲಿ ಹೆಲ್ಮೆಟ್ ಹಾಕಿಕೊಂಡೇ ನಿಂತವನನ್ನು ಯಾರು ತಾನೇ ನೋಡುವುದಿಲ್ಲ? ನಮ್ಮ ಪುರೋಹಿತ ಭಟ್ಟರು ಸ್ಕೂಟರ್ ನಿಲ್ಲಿಸಿ, "ಎಂತಾ ತಮಾ, ಆರಾಮನೋ?" ಎಂದು ಕೇಳಿಯೇ ಹೋದರು! ಅತ್ತ ಅಕ್ಕ ಬಂಗಡೆ ಕೇಳಿ, ಕಟ್ಟಿಕೊಡುವವರೆಗೂ ಕಣ್ಣುಮುಚ್ಚಿ ನಿಂತಿದ್ದಳು.

ಚೀಲ ಹೊರಲು ನಾನು ತರಗತಿಯವರೆಗೂ ಹೋಗಬೇಕಾಯಿತು. ಅಕ್ಕ ಉಸಿರು ಬಿಗಿಹಿಡಿದು, ಕಿವಿರು ತೋರಿಸಲೆಂದು ಎರಡೇ ಬೆರಳಲ್ಲಿ ಮೀನಿನ ಕೆನ್ನೆ ಎತ್ತಿದಳು. ಒಳಗೆ ಖಾಲಿ! ಇನ್ನೊಂದನ್ನು ಎತ್ತಿದಳು. ಅದೂ ಖಾಲಿ! ಕಿವಿರಿಲ್ಲದ ಮೀನು ಉಸಿರಾಡುವುದಾದರೂ ಹೇಗೆ? ಅಕ್ಕ ಬೆವತುಹೋದಳು. ಮಕ್ಕಳು ಎಂದಿನಂತೆ ತಲೆಯಾಡಿಸಿದರು.

ಕೊನೆಯ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ಹುಡುಗಿಯೇ!

"ಅಕ್ಕೋರೇ, ನಿಮ್ಗೆ ಕೊಯ್ಯೂಕೆ ಬರೂದಿಲ್ಲ ಅಂತ ಹೊಟ್ಟೆ, ಕಿವಿರು ಎಲ್ಲಾ ತೆಗ್ದೇ ಕೊಟ್ಟಾರೆ! ಹೊಸಬ್ರಿಗೆ ಹಂಗೇ ಮಾಡೂದು." ಮಾತಾಡುತ್ತಲೇ ಮುಂದೆ ಬಂದು ಮೀನು ಕೈಗೆತ್ತಿಕೊಂಡಳು. "ಇಲ್ಲಿ ಕೆಂಪಗೆ ಇರ್ತದೆ, ಬಾಚಣಿಕೆ ಹಂಗೆ. ಕೊಯ್ಯದೇ ಇದ್ದದ್ದು ನಾಳೆ ನಾ ತರ್ತೆ."

ಸಂಶೋಧನೆ, ಪಾಠ, ಕಿವಿರು ಎಲ್ಲ ಅಕ್ಕನಿಗೆ ಮರೆತೇಹೋಗಿತ್ತು.

"ನಾಳೆ... ಬರ್ತೀಯಲ್ಲೇ ಮಗಾ?"

"ಬರ್ದೇ ಮತ್ತೆ? ಮೀನು ಯಾರು ತರೂದು?"

ಅಕ್ಕ ಅಳುತ್ತಾ, ಮೀನು ಹಿಡಿದಿದ್ದ ಕೈಯಲ್ಲೇ ಅವಳ ಕೆನ್ನೆ ಸವರಿದಳು.