ಅಗ್ನಿಗೆ ಸಮರ್ಪಿಸತಕ್ಕದ್ದು

ವಿದ್ಯೆಯನ್ನು ಎಲ್ಲರಿಗೂ ಹಂಚಬೇಕು ಎಂದು ಭಾಷಣ ಮಾಡುವುದು ಬಹಳ ಸುಲಭ. ಮದ್ದೂರಿನ ಸ್ಕೂಲಿನಲ್ಲಿ ಕನ್ನಡ ಪಂಡಿತನಾದ ನಾನೇ ನಾಲ್ಕಾರು ಸಲ ಮಾಡಿದ್ದೇನೆ. ಹೊಸ ನಾಲೆಯ ನೀರು ಬಂದು ಮಂಡ್ಯದ ಸುತ್ತ ಎಲ್ಲಿ ನೋಡಿದರೂ ಕಬ್ಬಾದ ಮೇಲೆ ಕಬ್ಬಿನ ರೋಗಗಳೂ ಬಂದವು. ಅವುಗಳ ಹಿಂದೆಯೇ ಸಂಶೋಧಕರೂ ಬಂದರು. ಅವರು ಕಂಡುಹಿಡಿದದ್ದೆಲ್ಲ ಇಂಗ್ಲಿಷಿನಲ್ಲಿ ಅಚ್ಚಾಗಿ, ವ್ಯವಸಾಯ ಇಲಾಖೆಯ ಕಚೇರಿಯ ಗಾಜಿನ ಬೀರುವಿನೊಳಗೆ ಬೀಗ ಹಾಕಿಸಿಕೊಂಡು ಕೂತಿತ್ತು. ರೈತರು ಗಾಜಿನಾಚೆಯಿಂದ ದರ್ಶನ ಮಾಡಿಕೊಂಡು ಹೋಗಬಹುದಿತ್ತು, ಅಷ್ಟೆ. ಇದು ಅನ್ಯಾಯ ಎಂದು ನಾನು ಕೂಗಾಡಿದೆ. ಕಾಟ ತಾಳಲಾರದೆ ಆ ಕಚೇರಿಯ ಸಾಹೇಬರು ಬೀಗ ತೆಗೆದು, ಕೆಂಪು ಕೊಳೆ ರೋಗದ ಪುಸ್ತಿಕೆಯನ್ನು ನನ್ನ ಕೈಗೇ ಕೊಟ್ಟು, "ನೀವು ಪಂಡಿತರಲ್ಲವೆ, ಎಲ್ಲರಿಗೂ ತಿಳಿಯುವ ಹಾಗೆ ಕನ್ನಡ ಮಾಡಿಕೊಡಿ" ಎಂದರು.

"ಎಲ್ಲರಿಗೂ" ಎಂಬ ಮಾತು ನನ್ನ ಕಿವಿಗೆ ಬೀಳಲೇ ಇಲ್ಲ, "ಪಂಡಿತರು" ಎಂಬುದು ಚೆನ್ನಾಗಿ ಬಿತ್ತು. ಕಬ್ಬನ್ನು ಇಕ್ಷುದಂಡ ಮಾಡಿದೆ. ರೋಗದ ಕಬ್ಬನ್ನು ಕಿತ್ತು ಸುಡಬೇಕು ಎಂದಿದ್ದ ಕಡೆ "ರುಗ್ಣ ಇಕ್ಷುದಂಡಗಳನ್ನು ಉತ್ಪಾಟಿಸಿ ಅಗ್ನಿಗೆ ಸಮರ್ಪಿಸತಕ್ಕದ್ದು" ಎಂದು ಬರೆದು, ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವಳು, "ಯಾರ ತಿಥಿ?" ಎಂದು ಕೇಳಿದಳು. ಇವಳಿಗೇನು ತಿಳಿಯುತ್ತದೆ ಎಂದುಕೊಂಡೆ. ಪುಸ್ತಿಕೆ ಅಚ್ಚಾಯಿತು, ಊರೂರಿಗೂ ಪುಕ್ಕಟೆ ಹಂಚಿದರು.

ಆತಗೂರಿನ ಸಿದ್ದೇಗೌಡರು ಗದ್ದೆಯ ಕಬ್ಬು ಒಣಗುತ್ತಿರುವುದನ್ನು ಕಂಡು ಕಂಗಾಲಾಗಿದ್ದವರು. ಮರುವರ್ಷದ ಬಿತ್ತನೆಗೂ ಅವರಿಗೆ ಇದ್ದದ್ದು ಅದೇ ಕಬ್ಬು. ವರ್ಷ ಕಳೆದು ಸಂತೆಯಲ್ಲಿ ಸಿಕ್ಕಾಗ, ಪುಸ್ತಿಕೆ ಉಪಯೋಗಕ್ಕೆ ಬಂತೇ ಎಂದು ಹೊಗಳಿಕೆಯ ಆಸೆಯಿಂದ ವಿಚಾರಿಸಿದೆ.

"ಬುಕ್ಕಲ್ಲಿ ಏಳ್ದಂಗೇ ಮಾಡ್ದೆ ಕಣಿ ಮೇಷ್ಟ್ರೆ. ಐನೋರ ಕರ್ಸಿ ಓಮ ಮಾಡ್ಸಿ, ರೋಗದ ಕಬ್ಬಲ್ಲಿ ಒಂದು ಜಲ್ಲೆಯ ತುಪ್ಪಕ್ಕದ್ದಿ ಬೆಂಕಿಗಾಕುದ್ರು. ಮಿಕ್ಕುದ್ದ ಕಡ್ದು ನಾಟಿ ಆಕ್ದೆ. ಈಗ ಓದೊರ್ಸಕ್ಕಿಂತ ಮೋಸವಾಗಿ ಕೊಳೀತಾ ಅದೆ."

"ಹೋಮ ಅಲ್ಲ ಗೌಡರೆ, ರೋಗದ ಕಬ್ಬನ್ನೆಲ್ಲ ಸುಡಬೇಕಿತ್ತು" ಎಂದೆ.

"ಸುಡು ಅಂತ ಬರ್ಯಕ್ಕೆ ನಿಮ್ಗೇನ್ ರೋಗ ಬಂದಿತ್ತು?" ಎಂದು ಕೇಳಿ, ಗೌಡರು ಟವಲು ಕೊಡವಿಕೊಂಡು ಹೊರಟುಹೋದರು.

ನಾಚಿಕೆಯಿಂದ ಮರುದಿನವೇ ಸಾಹೇಬರ ಬಳಿಗೆ ಓಡಿ, ಎರಡನೆಯ ಮುದ್ರಣಕ್ಕೆ ತಿದ್ದಿಕೊಡುತ್ತೇನೆಂದು ಪುಸ್ತಿಕೆ ಇಸಕೊಂಡೆ. "ಅಗ್ನಿಗೆ ಸಮರ್ಪಿಸತಕ್ಕದ್ದು" ಎಂಬುದನ್ನು ಹೊಡೆದುಹಾಕಿ "ಸುಡಿ" ಎಂದು ಬರೆದೆ. ಎರಡೇ ಅಕ್ಷರ, ಯಾರು ಬೇಕಾದರೂ ಬರೆಯಬಹುದಾದದ್ದು. ಇದಕ್ಕೆ ಪಂಡಿತನೇ ಬೇಕಿತ್ತೇ ಎಂದು ನಾಳೆ ಜನ ಕೇಳಿದರೆ? ಬಹಳ ಯೋಚಿಸಿ, ಅದನ್ನೂ ಹೊಡೆದು, "ದಹಿಸತಕ್ಕದ್ದು" ಎಂದು ಬರೆದುಕೊಟ್ಟು ಬಂದೆ.